ಇಪ್ಪತ್ತೆಂಟು ಡಿಗ್ರಿ

ಬಂಗಾರಪೇಟೆ ಪಕ್ಕದ ನಮ್ಮೂರ ಡೇರಿಯಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿ ಬಿಟ್ಟು ಡಿಗ್ರಿ ನೋಡುವವನು ನಾನು, ಜಯರಾಮಪ್ಪ. ಇಪ್ಪತ್ತೆಂಟು ಬಂದರೆ ಹಾಲು ಒಳಗೆ, ಇಳಿದರೆ ನೀರು ಬೆರೆತಿದೆ ಎಂದು ವಾಪಸ್. ಈ ಕೆಲಸದವನಿಗೆ ಊರಲ್ಲಿ ಎಷ್ಟು ಮರ್ಯಾದೆ ಇರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಆ ಸೋಮವಾರ ಚಿಕ್ಕವೆಂಕಟಮ್ಮನ ಹಸು ಗೌರಿಯ ಹಾಲು ಇಪ್ಪತ್ತನಾಲ್ಕು ತೋರಿಸಿತು. ವಾಪಸ್ ಕಳಿಸಿದೆ.

"ನೀರಾಕಿದ್ರೆ ನನ್ ಕೈ ಬಿದ್ದೋಗ್ಲಿ. ನಿನ್ ಗಾಜಿನ ಕಡ್ಡಿ ಕೆಟ್ಟೋಗೈತೆ. ಮೇಲಿನೋರಿಗೆ ಏಳ್ತೀನಿ ಕಣ್ಲಾ" ಎಂದು ಬೈದುಕೊಂಡೇ ಮುದುಕಿ ಹೋದಳು.

ಅದೇ ದಿನ ಹನ್ನೊಂದಕ್ಕೆ ಅವಳ ಮೊಮ್ಮಗಳು ಶಶಿರೇಖಳಿಗೆ ದೊಡ್ಡ ಯೂನಿವರ್ಸಿಟಿಯೊಂದರ ಇಂಟರ್‌ವ್ಯೂ. ನೂರು ಜನ ಅರ್ಜಿ ಹಾಕಿದರೆ ಮೂವರಿಗೆ ಸೀಟು. ಸಿಕ್ಕರೆ ಫೀಸು, ಹಾಸ್ಟೆಲ್ ಎಲ್ಲ ಬಿಟ್ಟಿ. ಸಿಗದಿದ್ದರೆ ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ಸೀರೆ ಮಡಿಸುವ ಕೆಲಸ ಕಾದಿತ್ತು. ಊರಲ್ಲಿ ನೆಟ್ಟಗೆ ಇಂಟರ್‌ನೆಟ್ ಬರುವುದು ಡೇರಿಯ ಕಂಪ್ಯೂಟರಿಗೆ ಮಾತ್ರ. ಹುಡುಗಿಗೆ ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು ಬಾಗಿಲಲ್ಲಿ ಕಾವಲು ನಿಂತೆ. ಅವಳಿಗೆ ಸೀಟು ಸಿಗಲೇಬೇಕೆಂದು ನನಗೂ ಆಸೆಯಿತ್ತು.

ಪರದೆಯ ಮೇಲೆ ಕೋಟು ಹಾಕಿದ ಮೂವರು. ಏನೋ ಇಂಗ್ಲಿಷಿನಲ್ಲಿ ಕೇಳಿದರು. ಅದರಲ್ಲಿ ನನಗೆ ತಿಳಿದದ್ದು "ಡಿಗ್ರಿ" ಎಂಬ ಒಂದೇ ಮಾತು. ದುರದೃಷ್ಟಕ್ಕೆ, ಅದೇ ಹೊತ್ತಿಗೆ ಮೊಮ್ಮಗಳನ್ನು ಹುಡುಕಿಕೊಂಡು ಬಂದ ಚಿಕ್ಕವೆಂಕಟಮ್ಮನಿಗೂ ಅದೊಂದೇ ತಿಳಿಯಿತು. ಕೋಟಿನವರು ಡೇರಿಯ ಮೇಲಿನವರೆಂದೇ ತಿಳಿದು, ನನ್ನ ತೋಳಿನಡಿ ನುಸುಳಿ ಕಂಪ್ಯೂಟರಿನ ಮುಂದೆ ನಿಂತು ಕೈ ಮುಗಿದಳು.

"ಸೋಮಿ, ನಮ್ ಗೌರಿ ಆಲು ಯಾವಾಗ್ಲೂ ಇಪ್ಪತ್ತೆಂಟು ಡಿಗ್ರಿ. ಈ ಜಯರಾಮಪ್ಪನ ಕಡ್ಡಿ ನಂಬ್ಬೇಡಿ. ಬೇಕಾರೆ ಈ ಉಡ್ಗೀನೇ ಕೇಳಿ, ಆಲು ಕರೆಯೋಳು ಇವ್ಳೇ."

ಶಶಿರೇಖಳ ಮುಖ ಬಿಳಿಚಿಕೊಂಡಿತು. ಸೀಟು ಹೋಯಿತು ಎಂದುಕೊಂಡೆ. ಆದರೆ ಮೂವರಲ್ಲಿ ಕನ್ನಡ ಬಲ್ಲವರೊಬ್ಬರಿದ್ದರು. ಅವರು ನಕ್ಕು, "ಹಾಲಿಗೂ ಡಿಗ್ರಿ ಇರುತ್ತೇನಮ್ಮ?" ಎಂದರು.

ಬಾಯಿಪಾಠ ಮಾಡಿದ್ದ ಇಂಗ್ಲಿಷೆಲ್ಲ ಮರೆತು ಹುಡುಗಿ ಹೇಳಿದಳು: "ಇರುತ್ತೆ ಸಾರ್. ಆದ್ರೆ ಅದೊಂದನ್ನೇ ನಂಬಂಗಿಲ್ಲ. ನೀರಾಕಿ ಡಿಗ್ರಿ ಇಳಿದ್ರೆ ಸಕ್ಕರೆ ಬೆರೆಸ್ತಾರೆ, ಮತ್ತೆ ಏರುತ್ತೆ. ಫ್ಯಾಟ್ ನೋಡಿದಾಗಲೇ ಬಣ್ಣ ಬಯಲಾಗೋದು."

"ಕೋಚಿಂಗ್‌ಗೆ ಹೋದವರಿಗಿಂತ ನಿನ್ನ ಮಾರ್ಕ್ಸ್ ಕಮ್ಮಿ ಇದೆಯಲ್ಲ?"

"ಅದ್ರಲ್ಲಿ ಸಕ್ಕರೆ ಇಲ್ಲ ಸಾರ್."

"ಸಕ್ಕರೆ ಇಲ್ಲ, ಸರಿ. ಇವತ್ತಿನ ಹಾಲಿಗೆ ನೀರು?"

ಹುಡುಗಿ ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಐತೆ ಸಾರ್. ನಿಮಗೆ ಏಳೋ ಉತ್ತರ ಬಾಯಿಪಾಠ ಮಾಡ್ತಾ, ಬಕೆಟ್ ತೊಳೆದ ನೀರು ಚೆಲ್ಲೋದು ಮರ್ತು ಅದ್ರಲ್ಲೇ ಆಲು ಕರೆದೆ. ಕಡ್ಡಿ ಸರಿಯಾಗೇ ಐತೆ. ಅಜ್ಜಿಗೆ ಗೊತ್ತಿಲ್ಲ."

ಕನ್ನಡ ಬಲ್ಲವರು ಅದನ್ನು ಉಳಿದಿಬ್ಬರಿಗೆ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿ ಮಾತ್ರ ನಗಲಿಲ್ಲ.

ಮೂರು ವಾರಕ್ಕೆ ಸೀಟು ಸಿಕ್ಕ ಸುದ್ದಿ ಬಂತು. ಹುಡುಗಿ ರೈಲು ಹತ್ತಿದ ಮರುದಿನ ಚಿಕ್ಕವೆಂಕಟಮ್ಮ ಹಾಲು ತಂದಳು.

"ನಾಕು ವರ್ಸ ಓದುದ್ರೆ ಅಲ್ಲಿ ಒಂದೇ ಡಿಗ್ರಿ ಕೊಡ್ತಾರಂತೆ. ನಮ್ ಗೌರಿ ದಿನಾ ಇಪ್ಪತ್ತೆಂಟು ಕೊಡ್ತಾಳೆ" ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಕೆಟ್ ನಾನೇ ತೊಳ್ದಿವ್ನಿ, ಸರಿಯಾಗಿ ನೋಡ್ಲಾ" ಎಂದಳು.

ಕಡ್ಡಿ ಬಿಟ್ಟು ಬಗ್ಗಿ ನೋಡಿದೆ. ನನ್ನ ಕಣ್ಣೂ ಮಂಜಾಗಿ ಗೆರೆಯೇ ಕಾಣಲಿಲ್ಲ. ಇಪ್ಪತ್ತೆಂಟು ಎಂದೇ ಕೂಗಿದೆ.