ಆರಾಮಣ್ಣನಿಗೆ ನಾಲ್ಕು ಹೆಗಲು

"ಗಂಟು ಬಿಗಿ ಮಾಡಮ್ಮ, ದಾರೀಲಿ ಜಾರಿದ್ರೆ ನಗೆಪಾಟಲು," ಎಂದ ಬಡಗಿ.

ಅಕ್ಕ ಮೊಣಕಾಲನ್ನು ಬಿದಿರಿಗೆ ಒತ್ತಿ ಹಗ್ಗ ಎಳೆದಳು. ಚಟ್ಟದ ಮೇಲೆ ಅವಳ ತಮ್ಮ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬದುಕಿದ್ದಾಗಲೂ ಈ ಹೊತ್ತಿಗೆ ಮಲಗಿಯೇ ಇರುತ್ತಿದ್ದ, ಅದರಲ್ಲೇನೂ ಹೊಸದಿರಲಿಲ್ಲ.

"ಹಗ್ಗ ಸರಿಯಾಯ್ತು. ಹೊರೋರು?" ಬಡಗಿ ಮೆಲ್ಲಗೆ ಕೇಳಿದ.

"ನಾನೊಬ್ಬಳು."

"ಇನ್ನು ಮೂರು ಜನ?"

ಅಕ್ಕ ಬಿಗಿದ ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದಳು.

ಆ ಊರಿನಲ್ಲಿ ದುಡ್ಡಿಲ್ಲ. ಯಜಮಾನನಿಲ್ಲ, ಮೇಸ್ತ್ರಿಯಿಲ್ಲ, ಹಾಜರಿ ಕೂಗುವವರಿಲ್ಲ. ಯಾರಿಗೆ ಯಾವ ಕೆಲಸ ಒಗ್ಗುತ್ತದೋ ಅದನ್ನು ಮಾಡುತ್ತಾರೆ, ಎಲ್ಲರೂ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಾರೆ. ಇಷ್ಟೆಲ್ಲ ಬಿಟ್ಟವರು ಒಂದು ಪದ್ಧತಿಯನ್ನು ಮಾತ್ರ ತಾವಾಗಿ ಕಟ್ಟಿಕೊಂಡಿದ್ದರು. ಸತ್ತವರನ್ನು ಜೊತೆಯಲ್ಲಿ ದುಡಿದವರೇ ಹೊರಬೇಕು. ನೇಕಾರ ಸತ್ತರೆ ಮಗ್ಗದವರು, ದಾದಿ ಸತ್ತರೆ ಆಸ್ಪತ್ರೆಯವರು. ಒಳ್ಳೆಯ ಪದ್ಧತಿಯೇ. ಆದರೆ ಅಕ್ಕನ ತಮ್ಮ ಆರಾಮಣ್ಣನಂಥವನೊಬ್ಬ ಸತ್ತರೆ ಏನು ಗತಿ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಹೇಗಿದ್ದೀಯಪ್ಪ ಎಂದರೆ "ಆರಾಮ" ಎನ್ನುತ್ತಿದ್ದುದರಿಂದ ಅವನಿಗೆ ಆ ಹೆಸರು. ಗಟ್ಟಿಮುಟ್ಟಾದ ಆಳು, ಕೈಕಾಲು ನೆಟ್ಟಗಿದ್ದವು. ಆದರೂ ಊರಿಗೆ ಬಂದಂದಿನಿಂದ ಸಾಯುವವರೆಗೆ ಒಂದು ಕಡ್ಡಿ ಎತ್ತಿಡಲಿಲ್ಲ. ಬಟ್ಟೆ ಒಗೆಯುವ ಕಡೆ ಅರ್ಧ ದಿನ, ತೋಟದಲ್ಲಿ ಅರ್ಧ ದಿನ ನಿಂತು ನೋಡಿದ. ಮನಸ್ಸು ಹತ್ತಲಿಲ್ಲ ಎಂದು ವಾಪಸ್ ಬಂದ. ಊಟದ ಗಂಟೆಗೆ ಮಾತ್ರ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ನಿಂತಿರುತ್ತಿದ್ದ.

"ತಳ್ಳುಗಾಡಿ ತರ್ತೀನಿ," ಎಂದ ಬಡಗಿ. "ಗುಡ್ಡದವರೆಗೆ ನಾವಿಬ್ಬರೇ ತಳ್ಳಿಬಿಡಬಹುದು."

"ಗಾಡೀಲಿ ಹೋಗೋದು ಮೂಟೆ. ನನ್ನ ತಮ್ಮ ಹೆಗಲ ಮೇಲೆ ಹೋಗ್ತಾನೆ."

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಒಂದು ದಾರಿ ಇದೆ ನೋಡಮ್ಮ. ಅಡುಗೆಮನೇಲಿ ಉಪ್ಪು ಖಾರ ನೋಡ್ತಿದ್ದ ಅಂತ ಹೇಳೋಣ. ರುಚಿ ನೋಡೋದೂ ಒಂದು ಕೆಲಸವೇ ತಾನೆ? ಆಗ ಅಡುಗೆಯವರೇ ಬಂದು ಹೊರ್ತಾರೆ."

"ಉಪ್ಪು ಹಾಕೋದು ಮರೆತಿದ್ರೂ ಎರಡು ಸಲ ಬಡಿಸಿಕೊಂಡ ಗಿರಾಕಿ ಅವನು!" ಬಡಗಿಗೆ ನಗು ತಡೆಯಲಾಗಲಿಲ್ಲ.

ಅಕ್ಕನಿಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ನುಂಗಿಕೊಂಡಳು.

"ಸುಳ್ಳು ಬೇಡ ಮೇಷ್ಟ್ರೇ. ಅವನು ಏನೂ ಮಾಡಲಿಲ್ಲ. ಏನೂ ಮಾಡದವನು ಅಂತಲೇ ಅವನನ್ನ ಎತ್ತಬೇಕು."

*

ಅವನ ಊಟ ನಿಲ್ಲಿಸಬೇಕೆಂದು ಹಿಂದೊಮ್ಮೆ ಸಭೆ ಸೇರಿತ್ತು. ಮಾತು ಎತ್ತಿದವನು ಬೇಕರಿಯವನು.

"ನಾನು ಬೆಳಕು ಹರಿಯೋಕೆ ಮುಂಚೆ ಎದ್ದು ಹಿಟ್ಟು ನಾದಬೇಕು, ಈ ಮಹಾರಾಯ ಬಿಸಿಲೇರಿದ ಮೇಲೆ ಬಂದು ಮುಕ್ಕಬೇಕು. ಇವನನ್ನ ನೋಡಿ ನಾಳೆ ಎಲ್ಲರೂ ಕೈಕಟ್ಟಿ ಕೂತರೆ ಒಲೆ ಹಚ್ಚೋರು ಯಾರು?"

ತಪ್ಪು ಮಾತೇನಲ್ಲ. ಅಕ್ಕ ತಲೆ ತಗ್ಗಿಸಿಕೊಂಡು ಎದ್ದು ನಿಂತಳು. ಅವಳದು ಚರಂಡಿ ಕೆಲಸ. ಬೇರೆ ಯಾರೂ ಮುಂದೆ ಬರದಿದ್ದಾಗ, ನಾತ ನನ್ನ ಮೂಗಿಗೂ ಬಡಿಯುತ್ತದಲ್ಲ ಎಂದು ಸಲಿಕೆ ಹಿಡಿದವಳು.

"ಅವನ ಪಾಲಿನದ್ದೂ ನಾನೇ ಮಾಡ್ತೀನಿ. ಸಂಜೆ ಬಂದು ಸೌದೆ ಒಡೀತೀನಿ. ಅವನ ತಟ್ಟೆ ಕಿತ್ಕೋಬೇಡಿ."

ಅಡುಗೆಮನೆಯ ಅಜ್ಜಿ ಸೌಟು ಹಿಡಿದೇ ಸಭೆಗೆ ಬಂದಿದ್ದಳು. "ಕೂತ್ಕೊಳ್ಳೇ," ಎಂದು ಗದರಿದಳು. "ಅವನ ಬಾಕಿ ತೀರಿಸೋಕೆ ನೀನು ಹೊರಟರೆ, ಬಾಕಿ ಅನ್ನೋದು ಮತ್ತೆ ಊರೊಳಗೆ ಬಂತು ಅಂತ ಅರ್ಥ. ಇನ್ನು ನೀವೆಲ್ಲ ಕೇಳಿ. ಯಾರು ಎಷ್ಟು ದುಡಿದ್ರು ಅಂತ ನೋಡಿ ನಾನು ಬಡಿಸಬೇಕಾದ್ರೆ, ನಾನೇ ನಿಮಗೆಲ್ಲ ಧಣಿ ಆಗ್ತೀನಿ. ಆಗ್ಲಾ?"

ತಟ್ಟೆ ಉಳಿಯಿತು. ಬೇಕರಿಯವನು ಹೆದರಿದಂತೆ ಊರೇನೂ ಕೈಕಟ್ಟಿ ಕೂರಲಿಲ್ಲ. ಒಬ್ಬಿಬ್ಬರು ಆರಾಮಣ್ಣನ ಪಕ್ಕ ಕೂತು ನೋಡಿದರು; ದಿನವಿಡೀ ಸುಮ್ಮನೆ ಕೂರುವುದು ಎಂಥ ಶಿಕ್ಷೆ ಎಂದು ತಿಳಿದು, ಕೆಲಸ ಹುಡುಕಿಕೊಂಡು ಎದ್ದು ಹೋದರು. ಆದರೂ ಬೇಕರಿಯವನು ಅವನ ಜೊತೆ ಮಾತು ಬಿಟ್ಟ. ಅಜ್ಜಿ ತೀರಿಕೊಂಡು ಎಷ್ಟೋ ಕಾಲವಾದರೂ ಆ ಮುನಿಸು ಇಳಿಯಲಿಲ್ಲ.

*

ಕಾಯಿಲೆ ಬಿದ್ದ ಮೇಲೆ ಒಂದು ಮಧ್ಯಾಹ್ನ ಆರಾಮಣ್ಣ ಅವಳ ಕೈ ಹಿಡಿದುಕೊಂಡ. "ಅಕ್ಕಾ, ನನ್ನನ್ನ ಹೊರೋರು ಯಾರು?"

ಅವನು ಒಂದು ವಿಷಯಕ್ಕೆ ತಲೆ ಕೆಡಿಸಿಕೊಂಡದ್ದನ್ನು ಅವಳು ಕಂಡದ್ದು ಅದೇ ಮೊದಲು.

"ಆಗಲೇ ಒಂಚೂರು ಬೆನ್ನು ಬಗ್ಗಿಸಿದ್ರೆ ಏನಾಗ್ತಿತ್ತೋ ನಿಂಗೆ?" ಅವಳಿಗೆ ರೇಗಿತು. "ಯಾಕೋ ಮಾಡಲಿಲ್ಲ? ನಂಗಾದ್ರೂ ಹೇಳು."

"ಗೊತ್ತಿಲ್ಲ ಅಕ್ಕ. ಕಾರಣ ಇದ್ದಿದ್ರೆ ಹೇಳ್ತಿದ್ದೆ."

ಅದು ನಿಜವೆಂದು ಅವಳಿಗೆ ತಿಳಿಯಿತು. ಅವನ ಮೇಲಿದ್ದ ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ, ಪ್ರೀತಿಯೂ ಕಡಿಮೆಯಾಗಲಿಲ್ಲ.

"ನಾಲ್ಕು ಹೆಗಲು ನಾನು ತರ್ತೀನಿ. ಸುಮ್ನೆ ಮಲಕ್ಕೋ," ಎಂದಳು.

*

ಚಟ್ಟ ಕಟ್ಟಿ ಮುಗಿಸಿ ಅಕ್ಕ ಚಪ್ಪಲಿ ಮೆಟ್ಟಿ ಹೆಗಲು ಹುಡುಕಲು ಹೊರಟಾಗ ಬಡಗಿ ತಲೆ ಕೆರೆದುಕೊಂಡು, "ನಾನೊಂದು ಕಡೆ ಹಿಡೀತೀನಿ ಬಿಡು," ಎಂದ. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, "ನಂದೂ ಒಂದು ಹೆಗಲು ಇದೆಯಮ್ಮ," ಎಂದರು. ಇನ್ನೊಂದು ಬೇಕಿತ್ತು. ಬೀದಿಯಲ್ಲಿ ಸಿಕ್ಕವರೆಲ್ಲ ಅಯ್ಯೋ ಪಾಪ ಎಂದರು, ಪದ್ಧತಿ ಇದೆಯಲ್ಲಮ್ಮ ಎಂದು ಪಕ್ಕಕ್ಕೆ ಸರಿದರು. ಅಕ್ಕ ನೆಟ್ಟಗೆ ಬೇಕರಿಗೆ ಹೋದಳು. ಅವನೊಬ್ಬ ಬಂದರೆ ಇಡೀ ಊರಿನ ಬಾಯಿ ಮುಚ್ಚುತ್ತದೆಂದು ಅವಳಿಗೆ ಗೊತ್ತಿತ್ತು.

ಬೇಕರಿಯವನು ಉದ್ದ ಹಿಡಿಯ ಹಲಗೆಯಿಂದ ಒಲೆಯೊಳಗಿನ ಬ್ರೆಡ್ಡು ಹೊರಗೆ ಎಳೆಯುತ್ತಿದ್ದ. ತಿರುಗಿ ನೋಡಲಿಲ್ಲ.

"ಬಂದಿದ್ದು ಯಾಕೆ ಅಂತ ಗೊತ್ತು. ಒಂದೇ ಒಂದು ದಿನ ಅವನು ನಂಗೆ ಸೌದೆ ತಂದುಕೊಟ್ಟನಾ?"

"ಇಲ್ಲ."

"ಬ್ರೆಡ್ಡು ಚೆನ್ನಾಗಿದೆ ಅಂತ ಒಂದು ಮಾತು ಹೇಳಿದನಾ?"

"ಇಲ್ಲ."

"ಮತ್ತೆ ನಾನ್ಯಾಕೆ ಹೊರಬೇಕು?"

"ಹೊರಲೇಬೇಕು ಅಂತೇನಿಲ್ಲ. ಈ ಊರಲ್ಲಿ ಯಾರೂ ನಿನ್ನನ್ನ ಬಲವಂತ ಮಾಡೋ ಹಾಗಿಲ್ಲ. ಅದಕ್ಕೇ ಕೇಳೋಕೆ ಬಂದೆ. ನಿನ್ನ ಮಂಡಿ ಆಗ್ಲೇ ಹಿಡ್ಕೊಂಡಿದೆ, ನನ್ನ ಸೊಂಟ ಬಿದ್ದುಹೋಗಿದೆ. ಇವತ್ತು ಅವನನ್ನ ಅಳೆದು ಕೆಳಗಿಟ್ಟರೆ, ನಾಳೆ ನಮ್ಮನ್ನ ಅಳೆಯೋರು ಹುಟ್ಟಿಕೊಳ್ಳಲ್ವಾ?"

ಅವನು ಹಲಗೆಯನ್ನು ಮತ್ತೆ ಒಲೆಯೊಳಗೆ ತೂರಿಸಿದ. ಅವಳು ಕಾಯದೆ ಹೊರಟಳು.

"ಮೂರೇ ಜನ ಎತ್ತೋಣ," ಎಂದಳು ಮನೆಗೆ ಬಂದು. ಬಡಗಿ, ಮೇಷ್ಟ್ರು ಮುಂದೆ ನಿಂತರು. ಅವಳು ಹಿಂದಿನ ಎರಡು ಬಿದಿರಿಗೂ ಕೈ ಹಾಕಿ ಹಲ್ಲು ಕಚ್ಚಿ ಎತ್ತಿದಳು. ಚಟ್ಟ ಒಂದು ಮಗ್ಗುಲಿಗೆ ವಾಲಿತು. ಅಂಗಳ ದಾಟುವಷ್ಟರಲ್ಲಿ ಅವಳ ಎಡಗೈ ಸೋತು ಬಂತು. ಆಗ ಆ ಮೂಲೆ ತಾನಾಗಿ ಮೇಲೆದ್ದಿತು. ಪಕ್ಕಕ್ಕೆ ನೋಡಿದರೆ ಹಿಟ್ಟು ಮೆತ್ತಿದ ತೋಳು.

"ಅಬ್ಬಾ, ಏನು ಭಾರ ಇದಾನಪ್ಪ!" ಮೇಷ್ಟ್ರು ಏದುಸಿರು ಬಿಟ್ಟರು.

"ಇರದೇ ಏನು? ಎಲ್ಲಾ ನನ್ನ ಬ್ರೆಡ್ಡೇ," ಎಂದ ಬೇಕರಿಯವನು.

ಬೀದಿಯಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಹಿಂದೆ ಸೇರಿಕೊಂಡರು. ಗುಡ್ಡದ ಏರು ಶುರುವಾದಾಗ ಬಟ್ಟೆ ಒಗೆಯುವವಳೊಬ್ಬಳು ಮುಂದೆ ಬಂದು, "ಕೊಡಿ ಅಣ್ಣ, ನಿಮ್ಮ ಮಂಡಿ ನೋಯ್ತದೆ," ಎಂದು ಕೈ ನೀಡಿದಳು.

"ಸರಿಯಮ್ಮ ಆಚೆ," ಎಂದು ಗದರಿದ ಬೇಕರಿಯವನು ಬಿದಿರನ್ನು ಕತ್ತಿನ ಬುಡಕ್ಕೆ ಇನ್ನಷ್ಟು ಎಳೆದುಕೊಂಡು, ಸತ್ತವನನ್ನು ಬಾಯ್ತುಂಬ ಬೈಯುತ್ತ, ಕುಂಟುತ್ತ ಏರು ಹತ್ತತೊಡಗಿದ.