ನಡುವಿನ ಸಡಿಲು

ಸ್ಟೀರಿಂಗಿನ ನಡುಕ ತಡೆಯುವ ಡ್ಯಾಂಪರಿನ ಸರಳನ್ನು ಪೂರ್ತಿ ಹೊರಕ್ಕೆಳೆದು, ತುದಿಯ ಎರಡಂಗುಲವನ್ನಷ್ಟೇ ಒತ್ತಿ ತೋರಿಸಿದ ಮಣಿಕಂಠನ್. ಅಲ್ಲಿ ಅದು ಬಿಗಿಯಾಗಿಯೇ ಇತ್ತು. ಗಾಡಿ ನೇರ ಓಡುವಾಗ ಸರಳು ಆಡುವುದು ನಡುಭಾಗದಲ್ಲಿ, ಸವೆಯುವುದೂ ಅಲ್ಲೇ. ಯಾವುದೋ ಹಳೆಯ ಗಾಡಿಯಿಂದ ಬಿಚ್ಚಿ, ತೊಳೆದು, ಕಪ್ಪು ಬಣ್ಣ ಹೊಡೆದ ಈ ಮಾಲಿನ ನಡುಭಾಗ ಹಿಡಿತವೇ ಇಲ್ಲದೆ ಸತ್ತುಹೋಗಿತ್ತು. ಇವತ್ತು ಅದನ್ನು ಸಾಗಹಾಕು ಎಂದು ಬೆಳಿಗ್ಗೆಯೇ ಹೇಳಿದ್ದ ಬಿಡಿಭಾಗದ ಅಂಗಡಿಯ ಮುದಲಾಳಿ ರಾಮಲಿಂಗಂ ಗಲ್ಲಾದಲ್ಲಿ ಕೂತು ಪೇಪರು ಓದುತ್ತಿದ್ದ.

"ಹೊಸದೇ ಅಣ್ಣಾ. ಸ್ಟೀರಿಂಗ್ ಇನ್ನು ನಡುಗಲ್ಲ," ಎಂದ ಮಣಿಕಂಠನ್, ತಮಿಳಿನಲ್ಲಿ.

ಕೌಂಟರಿನಾಚೆ ಕಿಣತ್ತುಕಡವಿನ ಮುದುಕ ದೊರೈಸಾಮಿ, ಪಕ್ಕದಲ್ಲಿ ಹೆಂಡತಿ ಸಾಮಿಯಾತಾಳ್. ಟೊಮೇಟೊ ಸಾಗಿಸುವ ಅವರ ಪಿಕಪ್ಪಿನ ಸ್ಟೀರಿಂಗ್ ವೇಗ ಅರವತ್ತು ದಾಟಿದರೆ ಒದ್ದಾಡುತ್ತಿತ್ತು. ಅವರ ಮುಂದೆ ಎರಡು ಡ್ಯಾಂಪರುಗಳಿದ್ದವು: ಕಂಪನಿಯದೊಂದು, ಬಣ್ಣ ಹೊಡೆದದ್ದೊಂದು.

ಸಾಮಿಯಾತಾಳ್ ಗಂಡನ ಕಡೆ ತಿರುಗಿ ಕನ್ನಡಕ್ಕೆ ಹೊರಳಿದಳು. "ನಿಮ್ ಕೈಲಿ ಬಲ ಇಲ್ಲ ಅಂತ ಹೇಳ್ಬಿಡಿ. ಬೆಳಿಗ್ಗೆ ಕಾಪಿ ಲೋಟನೇ ನಿಲ್ಲಲಿಲ್ಲ."

"ಸುಮ್ನಿರು. ಹೇಳಿದ್ರೆ ಜಾಸ್ತಿ ಕಾಸಿಂದೇ ತಳ್ತಾನೆ."

ಮಣಿಕಂಠನ್ ಡಬ್ಬದ ಧೂಳು ಒರೆಸಿದ. ಪೆರಿಯನಾಯಕನಪಾಳ್ಯಂನ ಮನೆಯಲ್ಲಿ, ಮಗ್ಗದ ಮುಂದೆ ಕೂತು ಅವ್ವ ಅವನನ್ನು ಬೈಯುವುದು ಇದೇ ಭಾಷೆಯಲ್ಲಿ. ಆಗಲೇ ಬಾಯಿಬಿಡಬಹುದಿತ್ತು, ಬಿಡಲಿಲ್ಲ. ಗಿರಾಕಿಗಳು ಕನ್ನಡದಲ್ಲಿ ಪಿಸುಗುಟ್ಟುವಾಗ ಕಿವುಡನಾಗಿರುವುದು ವ್ಯಾಪಾರಕ್ಕೆ ಒಳ್ಳೆಯದೆಂದು ಕಂಡುಕೊಂಡಿದ್ದ.

ದೊರೈಸಾಮಿ ಬಣ್ಣ ಹೊಡೆದದ್ದನ್ನು ಎತ್ತಿಕೊಂಡು ಒತ್ತಿದ. ಒತ್ತಿದ್ದು ಸರಿಯಾಗಿ ನಡುಭಾಗವನ್ನೇ. ಸಿಕ್ಕಿಬಿದ್ದೆ ಎಂದುಕೊಂಡ ಮಣಿಕಂಠನ್. ಮುದುಕನ ಮಣಿಕಟ್ಟು ನಡುಗಿತು, ಕತ್ತಿನ ನರ ಉಬ್ಬಿತು, ಸರಳು ಅರ್ಧ ಅಂಗುಲ ಸರಿಯಿತು. ಒಂದು ಬೆರಳಲ್ಲಿ ತಳ್ಳಬಹುದಾದ ಜಾಗ ಅದು.

"ಒಳ್ಳೆ ಟೈಟಾಗಿದೆ ತಂಬಿ. ಇದೇ ಇರಲಿ."

ಸಾಮಿಯಾತಾಳ್ ನಕ್ಕಳು. "ನಿಮ್ಗೆ ಯಾವ್ದು ಟೈಟಿಲ್ಲ? ಉಪ್ಪಿನ್‌ಕಾಯಿ ಡಬ್ಬಿ ಮುಚ್ಚಳಾನೂ ಟೈಟೇ." ಮತ್ತೆ ಮೆಲ್ಲಗೆ, "ಇರ್ಲಿ. ಹೈದನ ಮೊಗ ನೋಡಿದ್ರೆ ಮೋಸ ಮಾಡಂಗಿಲ್ಲ. ಯಾವ ತಾಯಿ ಹೆತ್ತ ಮಗನೋ."

 ಬಿಲ್‌ಬುಕ್ ತೆರೆದು ಹೆಸರು ಬರೆಯಹೊರಟ ಮಣಿಕಂಠನ್ ಅರ್ಧಕ್ಕೆ ನಿಲ್ಲಿಸಿದ. ಈ ಡ್ಯಾಂಪರು, ಆ ಕೈ, ಲೋಡು ತುಂಬಿದ ಗಾಡಿ, ಪೊಳ್ಳಾಚಿ ರಸ್ತೆ.

"ಅಣ್ಣಾ, ಕಂಪನಿಯದೇ ತಗೊಳ್ಳಿ," ಎಂದ ತಮಿಳಿನಲ್ಲಿ.

"ಈಗ ತಾನೇ ಇದು ಹೊಸದೇ ಅಂದೆಯಲ್ಲ?" ಎಂದು ಕೇಳಿದ ದೊರೈಸಾಮಿ.

ರಾಮಲಿಂಗಂ ಪೇಪರಿನಿಂದ ತಲೆಯೆತ್ತಿದ.

"ನೋಡಿದ್ರಾ," ಎಂದಳು ಸಾಮಿಯಾತಾಳ್ ಕನ್ನಡದಲ್ಲಿ, "ಒಳ್ಳೆಯವ್ನು ಅಂತ ಹೇಳಿ ಬಾಯ್ ಮುಚ್ಚೋದ್ರಲ್ಲಿ ಜಾಸ್ತಿ ಕಾಸಿಂದು ತಳ್ಳೋ ಬುದ್ಧಿ ತೋರಿಸ್ದ. ಇದನ್ನೇ ಕಟ್ಟಿಸ್ಕೊಂಡು ನಡೀರಿ."

ರಾಮಲಿಂಗಂಗೆ ಕನ್ನಡ ಬಾರದು. ಅವನಿಗೆ ತಿಳಿಯದಂತೆ ನಿಜ ಹೇಳಲು ಮಣಿಕಂಠನ್‌ಗೆ ಇದ್ದದ್ದು ಆ ಭಾಷೆಯೊಂದೇ ಬಾಗಿಲು. ತೆರೆದರೆ, ಇಷ್ಟು ಹೊತ್ತು ಅದರ ಹಿಂದೆ ನಿಂತು ಕೇಳಿಸಿಕೊಂಡದ್ದೂ ಬಯಲಾಗುತ್ತಿತ್ತು.

"ಅದು ಬ್ಯಾಡಮ್ಮಾ," ಎಂದ ಕನ್ನಡದಲ್ಲಿ, ಬಿಲ್‌ಬುಕ್ಕಿನಿಂದ ಕಣ್ಣೆತ್ತದೆ. "ಹಳೇದು. ಬಣ್ಣ ಬಳ್ದಿದೀವಿ. ನಡುವೆ ಸತ್ತೋಗಿದೆ. ಅಯ್ಯನ ಕೈಗೆ ಅದು ಗೊತ್ತಾಗಲ್ಲ."

ಕೊನೆಯ ಮಾತು ಬೇಕಿರಲಿಲ್ಲ. ಬಂದುಬಿಟ್ಟಿತ್ತು.

ದೊರೈಸಾಮಿ ಬಲಗೈಯನ್ನು ಕೌಂಟರಿನಿಂದ ಕೆಳಗಿಳಿಸಿದ. ಸಾಮಿಯಾತಾಳ್ ಗಂಡನ ಮುಖ ನೋಡಿದಳು. ಯಾವ ಊರು, ಯಾರ ಮಗ ಎಂದು ಮಣಿಕಂಠನ್‌ನನ್ನು ಅವಳು ಕೇಳಲಿಲ್ಲ.

ಕಂಪನಿಯದನ್ನೇ ಕೊಂಡರು. ಪೊಟ್ಟಣವನ್ನು ಅವಳೇ ಎತ್ತಿಕೊಂಡಳು.

"ಪೋಲಾಮಾ?" ಎಂದು ಹೊರಡಲು ಕೇಳಿದ ದೊರೈಸಾಮಿ.

"ಪೋಲಾಮುಂಗ."

ಗಂಡ ಹೆಂಡತಿ ಈಗ ತಮ್ಮತಮ್ಮಲ್ಲೂ ತಮಿಳಿನಲ್ಲೇ ಮಾತಾಡಿಕೊಂಡು ಮೆಟ್ಟಿಲಿಳಿದರು.

ಹೊರಗೆ ಬಿಸಿಲು ಉರಿಯುತ್ತಿತ್ತು. ಪಿಕಪ್ಪಿನಲ್ಲಿ ಕೂತ ಸಾಮಿಯಾತಾಳ್ ತನ್ನ ಕಡೆಯ ಗಾಜನ್ನು ತಿರುವಿ ತಿರುವಿ ಮೇಲೇರಿಸಿದಳು. ಬಳಿಕ ಗಂಡನ ಮಡಿಲ ಮೇಲೆ ಬಾಗಿ ಅವನ ಕಡೆಯದನ್ನೂ ಏರಿಸಿದಳು. ಆಮೇಲಷ್ಟೇ ಅವಳ ತುಟಿಗಳು ಆಡತೊಡಗಿದವು.