ಚೀಟಿಯಲ್ಲಿಲ್ಲದ ಹೆಸರು

ಎರಡೂ ಮೈಕುಗಳ ಹಳೆಯ ಬ್ಯಾಟರಿ ತೆಗೆದು ಹೊಸದು ಹಾಕಿ, ಸ್ಪಿರಿಟ್ಟಿನ ಹತ್ತಿಯಿಂದ ಅವಳು ಒರೆಸಿಟ್ಟಳು. ಅವಳದು ಮೊದಲಿಂದಲೂ ಮಾತು ಕಡಿಮೆ. ಏಳನೆಯ ತರಗತಿಗೇ ಶಾಲೆ ಬಿಟ್ಟವಳಿಗೆ ದೇಶದ ಅಧ್ಯಕ್ಷರ ಭವನದಲ್ಲಿ ಈ ಕೆಲಸ ಕೊಡಿಸಿದ್ದು ಅಕ್ಕನ ಗಂಡ, ಆತ ಪತ್ರಕರ್ತ. ಪತ್ರಿಕಾಗೋಷ್ಠಿಯಲ್ಲಿ ಕಾರ್ಯದರ್ಶಿಯ ಚೀಟಿಯಲ್ಲಿ ಯಾರ ಹೆಸರಿದೆಯೋ ಅವರ ಕೈಗೆ ಮೈಕು ಕೊಡಬೇಕು, ಪ್ರಶ್ನೆ ಮುಗಿದೊಡನೆ ಇಸಿದುಕೊಳ್ಳಬೇಕು.

ಆ ಭಾವನನ್ನು ಪೊಲೀಸರು ಪತ್ರಿಕೆಯ ಕಚೇರಿಯಿಂದ ಕರೆದೊಯ್ದು ಒಂಬತ್ತು ದಿನವಾಗಿತ್ತು. ಕುಸಿದ ಸೇತುವೆಯಡಿ ಸತ್ತವರು ಹನ್ನೊಂದು ಮಂದಿ ಎಂದು ಅಧ್ಯಕ್ಷರು ಹೇಳಿದ್ದರು. ಭಾವ ನಲವತ್ತೆರಡು ಜನರ ಹೆಸರು ಬರೆದಿದ್ದ. ಎರಡು ಮಾತಾಡಿ ಕಳಿಸುತ್ತೇವೆ ಎಂದವರು ಕಳಿಸಲಿಲ್ಲ. ಯಾವ ಠಾಣೆಗೆ ಹೋದರೂ ನಮ್ಮಲ್ಲಿಲ್ಲ ಎಂಬ ಒಂದೇ ರಾಗ. ಅಕ್ಕ ಅನ್ನ ನೀರು ಬಿಟ್ಟು ಬಾಗಿಲಲ್ಲೇ ಕೂತಿದ್ದಳು.

ಎಲ್ಲರೆದುರು ಕೇಳಿದರೆ ಅಧ್ಯಕ್ಷರು ಏನಾದರೂ ಹೇಳಲೇಬೇಕಲ್ಲ ಎಂಬುದು ಅವಳ ಲೆಕ್ಕ. ಬೆಳಿಗ್ಗೆಯೇ ಭಾವನ ಜೀವದ ಗೆಳೆಯ, ದಪ್ಪ ಕನ್ನಡಕದ ವರದಿಗಾರನನ್ನು ಮೆಟ್ಟಿಲ ಬಳಿ ನಿಲ್ಲಿಸಿ ಬೇಡಿಕೊಂಡಳು. ಚೀಟಿಯಲ್ಲಿ ತನ್ನ ಹೆಸರಿರುವುದಿಲ್ಲವಲ್ಲ ಎಂದು ಆತ ರಾಗ ಎಳೆದ.

“ಮೈಕು ನಾನು ತಂದ್ಕೊಡ್ತೀನಿ. ನೀವು ಕೇಳಿದ್ರೆ ಸಾಕು.”

ಆತ ತಲೆಯಾಡಿಸಿದ.

ಅಧ್ಯಕ್ಷರು ಎಂದಿನಂತೆ ಎಲ್ಲರನ್ನೂ ಮಾತಾಡಿಸುತ್ತ ಬಂದರು. ಯಾರ ಮಗಳಿಗೆ ಜ್ವರ, ಯಾರು ಮನೆ ಬದಲಿಸಿದರು, ಎಲ್ಲವೂ ಅವರಿಗೆ ಬಾಯಿಪಾಠ. ಭಾವನನ್ನೂ “ಏನಪ್ಪಾ ಮುಳ್ಳು, ಇವತ್ತು ಎಲ್ಲಿ ಚುಚ್ತೀಯ?” ಎಂದು ಛೇಡಿಸುತ್ತಿದ್ದವರೇ. ಅವನ ಕುರ್ಚಿಯಲ್ಲಿ ಈಗ ಇನ್ನೊಬ್ಬನಿದ್ದ. ಅಧ್ಯಕ್ಷರು ಅವನ ಹೆಗಲನ್ನೂ ತಟ್ಟಿ ಮುಂದೆ ಹೋದರು.

ಚೀಟಿಯ ಮೂರು ಹೆಸರು ಮುಗಿದವು. ನಾಲ್ಕನೆಯವನು ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ ಕನ್ನಡಕದವನ ಕೈಗೆ ಮೈಕು ಇಟ್ಟಳು. ಬಾಗಿಲಲ್ಲಿದ್ದ ಕಾರ್ಯದರ್ಶಿಯ ಮುಖ ಗಂಟಿಕ್ಕಿತು. ಕೆಲಸ ಹೋಯಿತೆಂದು ಅವಳಿಗೆ ಆಗಲೇ ಗೊತ್ತಾಯಿತು, ಹೋಗಲಿ ಎಂದುಕೊಂಡಳು.

ಕನ್ನಡಕದವನು ಎದ್ದು ಗಂಟಲು ಸರಿಮಾಡಿಕೊಂಡ.

“ಕೇಳಪ್ಪಾ, ನಾವೇನು ಹೊರಗಿನವರಾ?” ಎಂದರು ಅಧ್ಯಕ್ಷರು.

ಆತ ಅವಳತ್ತ ನೋಡಿದ, ನೆಲ ನೋಡಿದ. “ಸರ್, ನಿಮ್ಮ ಮಂಡಿನೋವು ಈಗ ಹೇಗಿದೆ?”

“ನಿನ್ನ ಹೊಟ್ಟೆ ಜೊತೆ ಓಟಕ್ಕೆ ಬಿಟ್ರೆ ನನ್ನ ಮಂಡಿನೇ ಗೆಲ್ಲತ್ತೆ.”

ಸಭೆಯೆಲ್ಲ ನಕ್ಕಿತು. ಆತನೂ ನಕ್ಕ. ಅವಳು ಮೈಕಿಗೆ ಕೈಯೊಡ್ಡಿದಾಗ ಅದರ ಹಿಡಿ ಬೆವರಿನಿಂದ ಒದ್ದೆಯಾಗಿತ್ತು.

ಗೋಷ್ಠಿ ಮುಗಿದ ಮೇಲೆ ಕಾರ್ಯದರ್ಶಿ ಅವಳ ಕೊರಳಿನ ಗುರುತಿನ ಚೀಟಿ ತೆಗೆಸಿಕೊಂಡು, ನಾಳೆಯಿಂದ ಬರುವುದು ಬೇಡವೆಂದ. ಪಡಸಾಲೆಯಲ್ಲಿ ಪತ್ರಕರ್ತರು ಚಹಾ ಕುಡಿಯುತ್ತಿದ್ದರು. ಅಷ್ಟು ಗಂಡಸರ ನಡುವೆ ಅವಳು ಎಂದೂ ಬಾಯಿ ತೆರೆದವಳಲ್ಲ. ಹೋಗಿ ನಿಂತು, ಬಂದ ಮಾತನ್ನು ಹೇಳಿಯೇಬಿಟ್ಟಳು. ಒಬ್ಬ ಸಕ್ಕರೆಯ ಡಬ್ಬಿ ಹುಡುಕಿದ. ಇನ್ನೊಬ್ಬ ಫೋನ್ ಕಿವಿಗಿಟ್ಟುಕೊಂಡ. ಕನ್ನಡಕದವನು ಆಗಲೇ ಗೋಡೆಯ ಕಡೆ ತಿರುಗಿದ್ದ.

ಕೇಳಿಸಲಿಲ್ಲವೇನೋ ಎಂದು ಅವಳು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದಳು.

“ನಮ್ಮ ಭಾವ ಎಲ್ಲಿದ್ದಾರೆ ಅಂತ ನಿಮ್ಮಲ್ಲಿ ಯಾರಾದ್ರೂ ಒಬ್ಬರು ಕೇಳಿ.”